ತಾಯಿಯ ತೋಳೂ ಜಡತ್ವದ ನಿಯಮವೂ

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಣ ಅಂತರ ಸುಮಾರು ೨೦ ಕಿಲೋಮೀಟರು. “ಇಷ್ಟು ಸಮೀಪದ ದಾರಿಗೆ ಸೀಟ್ ಬೆಲ್ಟ್ ಏತಕ್ಕೆ?” ಎಂದು ಕೇಳುವವರು ಅನೇಕರು. ಮುಂದಿನ ಆಸನದಲ್ಲಿ ತಾಯಿ, ಅವಳ ಮಡಿಲಲ್ಲಿ ಕೂಸು. ಇದು ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ನೋಟ. ಆದರೆ ಅಪಘಾತಕ್ಕೆ ದೂರ ಸಮೀಪಗಳ ಭೇದವಿಲ್ಲ. ೨೦೨೧ರ ಜನವರಿ ೧೫ರಂದು ಧಾರವಾಡದ ಹತ್ತಿರ, ಇಟಿಗಟ್ಟಿಯ ಬಳಿಯ ಬೈಪಾಸ್ ರಸ್ತೆಯಲ್ಲಿ ಟೆಂಪೊ ಮತ್ತು ಟಿಪ್ಪರ್ ಡಿಕ್ಕಿ ಹೊಡೆದು, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಹಲವು ಮಹಿಳೆಯರು ಅಸುನೀಗಿದುದನ್ನು ಈ ಸೀಮೆಯವರು ಮರೆತಿಲ್ಲ. ವಾಹನಗಳು ಹೀಗೆ ಬಡಿದಾಗ ತಾಯಿಯ ತೋಳು ಕೂಸನ್ನು ಹಿಡಿದೀತೆ? ಲೆಕ್ಕ ಹಾಕಿ ನೋಡೋಣ.

ಚಲಿಸುತ್ತಿರುವ ವಸ್ತುವು ಹೊರಗಿನ ಬಲ ತಡೆಯುವವರೆಗೆ ಅದೇ ವೇಗದಿಂದ ನೇರವಾಗಿ ಚಲಿಸುತ್ತಲೇ ಇರುವುದೆಂಬುದು ನ್ಯೂಟನ್ನನ ಮೊದಲನೆಯ ನಿಯಮ. ಕಾರು ಗಂಟೆಗೆ ೭೨ ಕಿಲೋಮೀಟರು, ಅಂದರೆ ಸೆಕೆಂಡಿಗೆ ೨೦ ಮೀಟರು ವೇಗದಿಂದ ಓಡುತ್ತಿದೆಯೆನ್ನೋಣ. ಒಳಗಿರುವವರ ವೇಗವೂ ಅಷ್ಟೆ. ಕಾರು ಲಾರಿಗೆ ಬಡಿದು, ಮೂತಿ ಜಜ್ಜಿಹೋಗಿ, ಅರ್ಧ ಮೀಟರಿನೊಳಗೆ ನಿಂತಿತು. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಋಣ ವೇಗೋತ್ಕರ್ಷ ದೊರೆಯುವುದು: ೪೦೦ ÷ ೧ = ೪೦೦. ಇದು ಗುರುತ್ವ ವೇಗೋತ್ಕರ್ಷದ ಸುಮಾರು ೪೦ ಮಡಿ. ೧೦ ಕಿಲೋಗ್ರಾಂ ತೂಕದ ಕೂಸನ್ನು ಆಗ ತಡೆದು ನಿಲ್ಲಿಸಲು ೪,೦೦೦ ನ್ಯೂಟನ್ ಬಲ ಬೇಕು. ಬಲಿತ ಎತ್ತೊಂದನ್ನು ತೋಳಿನಲ್ಲಿ ಎತ್ತಿ ಹಿಡಿದಂತೆ! ಅದಕ್ಕಿರುವ ಅವಕಾಶವಾದರೂ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಮಾತ್ರ. ಮಮತೆಯಲ್ಲಿ ಕೊರತೆಯಿಲ್ಲ, ಸ್ನಾಯುವಿನಲ್ಲಿ ಆ ಶಕ್ತಿಯಿಲ್ಲ.

ಇನ್ನು ಪಟ್ಟಿಯ ಕೆಲಸವೇನು? ಅದು ನಮ್ಮನ್ನು ಕಾರಿಗೆ ಬಿಗಿದು, ಕಾರಿಗೆ ದೊರೆತ ಆ ಅರ್ಧ ಮೀಟರಿನ ಲಾಭವನ್ನು ನಮಗೂ ಕೊಡಿಸುವುದು. ಪಟ್ಟಿ ಧರಿಸದವನಾದರೋ ಮುನ್ನುಗ್ಗಿ ಗಾಜಿಗೋ ಸ್ಟಿಯರಿಂಗಿಗೋ ಬಡಿದು ಐದಾರು ಸೆಂಟಿಮೀಟರಿನಲ್ಲಿ ನಿಲ್ಲುವನು. ದೂರ ಹತ್ತನೆಯ ಒಂದಂಶವಾದರೆ ಬಲ ಹತ್ತು ಮಡಿಯಾಗುವುದು. ೧೯೫೯ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಪಟ್ಟಿ ಈ ಬಲವನ್ನು ಎದೆಗೂಡು ಮತ್ತು ಸೊಂಟದ ಗಟ್ಟಿ ಎಲುಬುಗಳ ಮೇಲೆ ಹಂಚುವುದು. ಆದಕಾರಣ ಕೆಳಪಟ್ಟಿಯು ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ತಗ್ಗಾಗಿ ಕೂಡಬೇಕು. ಗರ್ಭಿಣಿಯರಿಗೂ ಇದೇ ಕ್ರಮ.

ಹಿಂದಿನ ಆಸನದವರಿಗೂ ನ್ಯೂಟನ್ನನ ನಿಯಮದಿಂದ ವಿನಾಯಿತಿಯಿಲ್ಲ. ಪಟ್ಟಿ ಧರಿಸದ ಹಿಂದಿನವನು ಮುಂದಿನವನ ಬೆನ್ನಿಗೆ ಬಡಿದು ಅವನ ಜೀವಕ್ಕೂ ಎರವಾಗಬಲ್ಲನು. ೨೦೨೨ರ ಸೆಪ್ಟೆಂಬರ್ ೪ರಂದು ಪಾಲ್ಘರ್ ಬಳಿ ಮಡಿದ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಆಸನದಲ್ಲಿ ಪಟ್ಟಿಯಿಲ್ಲದೆ ಕುಳಿತಿದ್ದರೆಂದು ಪೊಲೀಸರು ತಿಳಿಸಿದರು.

ಏರ್‌ಬ್ಯಾಗ್ ಎಂಬ ಗಾಳಿಚೀಲವು ಪಟ್ಟಿಗೆ ಬದಲಿಯಲ್ಲ, ಜೊತೆಗಾರ. ಡಿಕ್ಕಿಯಾದೊಡನೆ ವೇಗದ ಹಠಾತ್ ಇಳಿತವನ್ನು ಸಂವೇದಕವೊಂದು ಗ್ರಹಿಸುವುದು. ರಾಸಾಯನಿಕ ಕ್ರಿಯೆಯಿಂದ ಅನಿಲ ಹುಟ್ಟಿ, ಸುಮಾರು ೩೦ ಮಿಲಿಸೆಕೆಂಡಿನಲ್ಲಿ, ಅಂದರೆ ಕಣ್ಣು ಮಿಟುಕಿಸುವುದಕ್ಕೂ ಮೊದಲೆ, ಚೀಲ ಉಬ್ಬುವುದು. ಇಷ್ಟು ರಭಸದಿಂದ ಉಬ್ಬುವ ಚೀಲ ತೀರ ಹತ್ತಿರವಿರುವವನಿಗೆ ಪೆಟ್ಟಾಗುವುದು ಸಹಜ. ಚಾಲಕನ ಎದೆಗೂ ಸ್ಟಿಯರಿಂಗಿಗೂ ನಡುವೆ ೨೫ ಸೆಂಟಿಮೀಟರಾದರೂ ಅಂತರವಿರಲಿ. ಮುಂದಿನ ಆಸನದ ಮಡಿಲಲ್ಲಿರುವ ಕೂಸಿಗಂತೂ ಆ ಚೀಲವೇ ಮೃತ್ಯುವಾಗಬಹುದು.

ಕೂಸಿನ ತಲೆ ಭಾರ, ಕೊರಳು ಎಳೆಯದು. ಆದುದರಿಂದ ಶಿಶುವನ್ನು ಹಿಂದಿನ ಸೀಟಿನಲ್ಲಿ, ಕಾರಿನ ಹಿಂಬದಿಗೆ ಮುಖಮಾಡಿದ ಮಕ್ಕಳ ಆಸನದಲ್ಲಿ ಕೂಡಿಸಬೇಕು. ಆಗ ಬಲವು ಇಡೀ ಬೆನ್ನಿಗೆ ಹಂಚಿಹೋಗುವುದು. ಗಾಳಿಚೀಲ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಂಥ ಆಸನವನ್ನು ಎಂದೂ ಇಡಲಾಗದು. ಬೆಳೆದ ಮಗುವಿಗೆ ಮುಮ್ಮುಖದ ಆಸನ. ಆ ಬಳಿಕ, ದೊಡ್ಡವರ ಪಟ್ಟಿ ಕೊರಳಿಗೂ ಹೊಟ್ಟೆಗೂ ಒತ್ತದೆ ಸರಿಹೊಂದುವವರೆಗೆ, ಎತ್ತರಿಸುವ ಪೀಠ.

೧೪ ವರ್ಷದೊಳಗಿನ ಮಗುವನ್ನು ಪಟ್ಟಿಯಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದಿದ್ದರೆ ೧,೦೦೦ ರೂಪಾಯಿ ದಂಡವೆಂದು ೨೦೧೯ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ವಿಧಿಸಿದೆ. ದಂಡದ ಮಾತು ಹಾಗಿರಲಿ. ವಿದ್ಯಾರ್ಥಿಗಳೇ, ನ್ಯೂಟನ್ನನ ನಿಯಮವನ್ನು ನೀವು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುವಿರಿ. ಮನೆಯವರೊಡನೆ ಕಾರನ್ನೇರುವಾಗ ಮೇಲಿನ ಲೆಕ್ಕವನ್ನು ಅವರಿಗೂ ಮಾಡಿ ತೋರಿಸಿರಿ. ತಮ್ಮತಂಗಿಯರನ್ನು ಮಡಿಲಿನಿಂದ ಆಸನಕ್ಕೆ ದಾಟಿಸುವ ಕೆಲಸವನ್ನು ಆ ಮೂರು ಸಾಲಿನ ಗಣಿತ ಮಾಡಬಲ್ಲುದು.