ಶಾಯಿಯ ಬಣ್ಣವೂ ಮಲೆನಾಡಿನ ಮಳೆಯೂ

ಬರೆಯುವ ದ್ರವಕ್ಕೆ ಕನ್ನಡದಲ್ಲಿ ಎರಡು ಹೆಸರುಗಳುಂಟು: ಮಸಿ ಮತ್ತು ಶಾಯಿ. ಮಸಿಯೆಂದರೆ ದೀಪದ ಕರಿ, ಪಾತ್ರೆಯ ತಳಕ್ಕೆ ಹತ್ತುವ ಕರಿ. ‘ಶಾಯಿ’ ಎಂಬುದು ಪಾರಸಿಯ ‘ಸಿಯಾಹೀ’ ಶಬ್ದದ ರೂಪಾಂತರ; ಅದರ ಅರ್ಥವೂ ಕಪ್ಪು ಎಂದೇ. ಬರಹವೆಂದರೆ ಕಪ್ಪು ಎಂಬ ಕಾಲದ ಗುರುತು ಹೀಗೆ ಮಾತಿನಲ್ಲಿ ಉಳಿದುಕೊಂಡಿದೆ. ಇಂದು ನಾವು ನೀಲಿ ಶಾಯಿ, ಕೆಂಪು ಶಾಯಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇವೆ.

ಈ ಬಗೆಬಗೆಯ ಶಾಯಿಗಳನ್ನು ಹೋಲಿಸಿ ನೋಡುವುದು ಹೇಗೆ? ಒಂದೇ ಕಾಗದ, ಒಂದೇ ನಿಬ್ಬು, ಒಂದೇ ಋತು—ಇವು ಮೊದಲ ನಿಯಮಗಳು. ಮೂರನೆಯದು ನಮ್ಮ ಮಲೆನಾಡಿನಲ್ಲಿ ಬಹು ಮುಖ್ಯ. ಕೊಪ್ಪ, ಶೃಂಗೇರಿಗಳಲ್ಲಿ ಆಷಾಢದ ಕಾಗದ ಗಾಳಿಯ ತೇವವನ್ನು ಹೀರಿ ಮೆತ್ತಗಾಗಿರುತ್ತದೆ. ಅದರ ಮೇಲೆ ಶಾಯಿ ಹರಡುತ್ತದೆ, ಒಣಗಲು ತಡಮಾಡುತ್ತದೆ. ಮಾಘದಲ್ಲಿ ಅದೇ ಶಾಯಿಯ ಗೆರೆ ತೆಳ್ಳಗೆ, ಸ್ಪಷ್ಟವಾಗಿ ನಿಲ್ಲುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಇಳಿಯುತ್ತದೆ. ಹೀಗಾಗಿ ಮಳೆಗಾಲದಲ್ಲಿ ಶೃಂಗೇರಿಯಲ್ಲಿ ಬರೆದ ಹಾಳೆಯನ್ನೂ ನರಸಿಂಹರಾಜಪುರದಲ್ಲಿ ಬರೆದ ಹಾಳೆಯನ್ನೂ ಪಕ್ಕದಲ್ಲಿರಿಸಿ ತೀರ್ಪು ಕೊಟ್ಟರೆ, ನಾವು ಅಳೆದದ್ದು ಹವೆಯನ್ನೇ ಆದೀತು.

ನಾನು ಪ್ರತಿಯೊಂದು ಶಾಯಿಯಲ್ಲಿಯೂ ಒಂದೇ ವಾಕ್ಯವನ್ನು ಮೂರು ಚೀಟಿಗಳ ಮೇಲೆ ಬರೆಯುತ್ತೇನೆ. ಒಂದು ಪುಸ್ತಕದೊಳಗೆ, ಕತ್ತಲಲ್ಲಿ; ಇನ್ನೊಂದು ಕಿಟಕಿಯ ಬಿಸಿಲಿನಲ್ಲಿ, ಒಂದು ತಿಂಗಳು; ಮೂರನೆಯದು ಒಂದು ದಿನ ಒಣಗಿದ ಬಳಿಕ ಅದರ ಮೇಲೆ ಒಂದು ತೊಟ್ಟು ನೀರು. ಶಾಯಿಯ ಹೆಸರನ್ನೂ ದಿನಾಂಕವನ್ನೂ ಸೀಸದಕಡ್ಡಿಯಿಂದ ಬರೆಯಬೇಕು. ಇಲ್ಲವಾದರೆ ನೀರು ಹೆಸರನ್ನೂ ಒಯ್ಯುತ್ತದೆ.

ಸುಲಭವಾಗಿ ತೊಳೆದುಹೋಗುವ ನೀಲಿ ನೀರಿನಲ್ಲಿ ಕರಗಿಸಿದ ಬಣ್ಣ ಮಾತ್ರ. ನೀರು ಕೊಟ್ಟದ್ದನ್ನು ನೀರೇ ಹಿಂದಕ್ಕೆ ಪಡೆಯುತ್ತದೆ. ಬಿಸಿಲೂ ಅದನ್ನು ಬೇಗ ಮಂಕಾಗಿಸುತ್ತದೆ. ಹಳೆಯ ಕ್ರಮದ ನೀಲಿಗಪ್ಪು ಶಾಯಿ ಬೇರೆ ಜಾತಿಯದು. ಅದರಲ್ಲಿ ಅನ್ನಭೇದಿಯೆಂಬ ಕಬ್ಬಿಣದ ಲವಣ ಮತ್ತು ಮಾಚಿಕಾಯಿಯ ಒಗರು ಸೇರಿರುತ್ತವೆ. ನಮ್ಮ ಅಳಲೆಕಾಯಿಯಲ್ಲಿಯೂ ಅಂಥ ಒಗರೇ ಇದೆ. ಬರೆದಾಗ ನೀಲಿಯಾಗಿ ಕಾಣುವ ಅಕ್ಷರ, ಗಾಳಿಯ ಆಮ್ಲಜನಕ ತಗುಲಿದಂತೆ ಕಾಗದದ ನಾರಿನೊಳಗೇ ಕಪ್ಪಾಗಿ, ನೀರಿಗೆ ಕರಗದ ಸ್ಥಿತಿಗೆ ಬರುತ್ತದೆ. ಆದರೆ ಅದು ಆಮ್ಲಗುಣದ್ದು: ಮಿತಿಮೀರಿದರೆ ಕಾಗದವನ್ನು ತಿನ್ನುತ್ತದೆ, ಪೆನ್ನಿನಲ್ಲಿ ಒಣಗಲು ಬಿಟ್ಟರೆ ಉಕ್ಕಿನ ನಿಬ್ಬನ್ನು ಕೆಡಿಸುತ್ತದೆ. ದೀಪದ ಕರಿಯ ಮಸಿಗೆ ಬಿಸಿಲಿನ ಭಯವಿಲ್ಲ. ಆದರೆ ಹಳೆಯ ರೀತಿಯಲ್ಲಿ ಅರೆದ ಮಸಿಯ ಕಣಗಳು ಫೌಂಟನ್ ಪೆನ್ನಿನ ಸಣ್ಣ ನಾಳದಲ್ಲಿ ಕಟ್ಟಿಕೊಳ್ಳುತ್ತವೆ. ಒಂದು ಎಚ್ಚರಿಕೆಯ ಮಾತು: ನೀಲಿಗಪ್ಪು ಎಂಬ ಹೆಸರು ಹೊತ್ತ ಎಲ್ಲ ಶಾಯಿಗಳಲ್ಲಿಯೂ ಕಬ್ಬಿಣವಿರುವುದಿಲ್ಲ. ಸೀಸೆಯ ಚೀಟಿ ಹೇಳದಿರುವುದನ್ನು ಆ ಒಂದು ತೊಟ್ಟು ನೀರು ಹೇಳುತ್ತದೆ.

ಇದು ಬರಿಯ ಹವ್ಯಾಸದ ಮಾತಲ್ಲ. ನನ್ನ ತಂದೆಯವರ ಎರಡು ಪತ್ರಗಳು ಒಂದೇ ಪೆಟ್ಟಿಗೆಯಲ್ಲಿದ್ದು, ಒಂದೇ ಮಳೆಗಾಲದ ಸೋರಿಕೆಯಲ್ಲಿ ನೆನೆದವು. ನೀಲಿಗಪ್ಪಿನ ಪತ್ರದಲ್ಲಿ ಗದ್ದೆಯ ನಾಟಿಯ ಸುದ್ದಿ, ಕೂಲಿಯ ಲೆಕ್ಕ ಇಂದಿಗೂ ಓದಲು ಬರುತ್ತವೆ. ತಿಳಿನೀಲಿಯ ಪತ್ರ ತಾಯಿಯವರ ಕಾಯಿಲೆಯ ದಿನಗಳದು. ಅದರಲ್ಲಿ ‘ಚಿರಂಜೀವಿ’ ಎಂಬ ಮೊದಲ ಶಬ್ದದ ಕೆಳಗೆ ಆಕಾಶದ ಬಣ್ಣವೊಂದೇ ಉಳಿದಿದೆ. ಯಾವುದು ಉಳಿಯಬೇಕೆಂಬುದನ್ನು ಶಾಯಿ ಅರಿಯದು.

ಶೃಂಗೇರಿ ಮಠದ ಹಳೆಯ ದಾಖಲೆಗಳಲ್ಲಿ ಕಡತಗಳೂ ಇವೆ. ಹುಣಿಸೆಬೀಜದ ಸರಿ ಮತ್ತು ಇದ್ದಿಲನ್ನು ಬಟ್ಟೆಗೆ ಬಳಿದು, ಬಳಪದಿಂದ ಬರೆದವು ಅವು. ಕೈಯಿಂದ ಉಜ್ಜಿದರೆ ಅಳಿಸಿಹೋಗುವಂಥ ಆ ಬಿಳಿಯ ಅಕ್ಷರಗಳು ಇಷ್ಟು ಮಳೆಯ ನಾಡಿನಲ್ಲಿ ತಲೆಮಾರುಗಳನ್ನು ದಾಟಿ ಬಂದಿವೆ. ಒಳ್ಳೆಯ ಶಾಯಿಯನ್ನು ಆರಿಸುವುದು ಬರೆಯುವವನ ಹೊಣೆ. ಬರೆದದ್ದನ್ನು ಬೆಚ್ಚಗೆ ಕಾಯುವುದು ಪಡೆದವನ ಹೊಣೆ.