ಹೊಸ ಪಳೆಯುಳಿಕೆಗಳು

ಕೋಟ್ಯಂತರ ವರ್ಷಗಳ ಹಿಂದೆ ಬಾಳಿದ ಜೀವಿಗಳು ಕಲ್ಲಿನಲ್ಲಿ ಬಿಟ್ಟುಹೋದ ಗುರುತುಗಳಿಗೆ ಪಳೆಯುಳಿಕೆ ಎನ್ನುತ್ತಾರೆ. ಪಳೆಯುಳಿಕೆ ಹೊಸದಾಗಿರುವುದುಂಟೆ? 1969ರಲ್ಲಿ ಜಾಗ್ರೆಬ್ ನಗರದಲ್ಲಿ ಹುಟ್ಟಿದ ಗಾಯನ ತಂಡವೊಂದು ಮಾತ್ರ ‘ನೋವಿ ಫೊಸಿಲಿ’, ಎಂದರೆ ‘ಹೊಸ ಪಳೆಯುಳಿಕೆಗಳು’ ಎಂಬ ವಿಚಿತ್ರವಾದ ಹೆಸರನ್ನು ಇಟ್ಟುಕೊಂಡಿತು. ಹಾಡುವವರು ಬದಲಾದರು, ಹೆಸರು ಬದಲಾಗಲಿಲ್ಲ.

ಜಾಗ್ರೆಬ್ ಇಂದು ಕ್ರೊಯೇಷಿಯಾ ದೇಶದ ರಾಜಧಾನಿ. ಆಗ ಕ್ರೊಯೇಷಿಯಾ ಸ್ವತಂತ್ರ ರಾಷ್ಟ್ರವಾಗಿರದೆ, ಯುಗೊಸ್ಲಾವಿಯ ಒಕ್ಕೂಟದ ಆರು ಗಣರಾಜ್ಯಗಳಲ್ಲಿ ಒಂದಾಗಿತ್ತು. ಅಲ್ಲಿ ಹಾಡಿದ ಹಾಡು ನೆರೆಯ ಗಣರಾಜ್ಯಗಳ ಮನೆಮನೆಗೂ ಬಾನುಲಿಯ ಮೂಲಕ ತಲುಪುತ್ತಿತ್ತು.

ಪಾಪ್ ಸಂಗೀತದಲ್ಲಿ ಹಾಡು ಚಿಕ್ಕದು, ರಾಗ ಸರಳ. ಒಮ್ಮೆ ಕೇಳಿದವರು ಮರುದಿನ ಗುನುಗುವಂತಿರಬೇಕು. ಹಾಗೆ ಗುನುಗುವವರ ಮನಸ್ಸಿನಲ್ಲಿ ನಿಲ್ಲುವುದು ಗಾಯಕಿಯ ಕಂಠ. ರಾಗವನ್ನು ಕಟ್ಟಿದವನ ಹೆಸರನ್ನು ಕೇಳುವವರು ಕಡಮೆ. ನೋವಿ ಫೊಸಿಲಿಯ ಭಾಗ್ಯ ತೆರೆದದ್ದು ಈ ಎರಡೂ ಒದಗಿ ಬಂದಾಗ. 1976ರಲ್ಲಿ ಜುರ್ಜಿತ್ಸಾ ಬಾರ್ಲೊವಿಚ್ ಮುಖ್ಯ ಗಾಯಕಿಯಾದರು. ಸುಮಾರಿಗೆ ಅದೇ ಕಾಲದಲ್ಲಿ ರಾಯ್ಕೊ ದುಯ್ಮಿಚ್ ಎಂಬ ಯುವಕ ತಂಡವನ್ನು ಸೇರಿದರು. ದುಯ್ಮಿಚ್ ರಾಗ ಸಂಯೋಜಿಸುವರು, ಸ್ತೆವೊ ತ್ಸ್ವಿಕಿಚ್ ಎಂಬ ಕವಿ ಅನೇಕ ಹಾಡುಗಳಿಗೆ ಸಾಹಿತ್ಯ ಒದಗಿಸುವರು, ಜುರ್ಜಿತ್ಸಾ ಹಾಡುವರು. ಕೆಲವೇ ವರ್ಷಗಳಲ್ಲಿ ಈ ತಂಡ ಯುಗೊಸ್ಲಾವಿಯದ ಅತ್ಯಂತ ಜನಪ್ರಿಯ ತಂಡಗಳಲ್ಲಿ ಒಂದೆನಿಸಿತು.

1983ರಲ್ಲಿ ಜುರ್ಜಿತ್ಸಾ ಸ್ವತಂತ್ರವಾಗಿ ಹಾಡುವ ಉದ್ದೇಶದಿಂದ ತಂಡವನ್ನು ಬಿಟ್ಟರು. ಏಳು ವರ್ಷ ಜನರ ಕಿವಿಯಲ್ಲಿ ನೆಲೆಸಿದ್ದ ಧ್ವನಿ ಹೋದ ಮೇಲೆ ಉಳಿಯುವುದೇನು? ಬರಿಯ ಹೆಸರಿನ ಬಲದಿಂದ ತಂಡವೊಂದು ಬಾಳಲಾರದು. ಆದರೆ ದುಯ್ಮಿಚ್ ಉಳಿದಿದ್ದರು. ಅವರ ರಾಗಗಳಿಗೆ ಈಗ ಸಾನ್ಯಾ ದೊಲೆಜಾಲ್ ಎಂಬ ತರುಣಿ ದನಿಯಾದರು. ಕೇಳುಗರು ಹೊಸ ಕಂಠವನ್ನು ಒಪ್ಪಿದರು. ಹಳೆಯ ಗಾಯಕಿಯ ಅಭಿಮಾನಿಗಳು ಹೊಸಬಳನ್ನು ಅಷ್ಟು ಸುಲಭವಾಗಿ ಒಪ್ಪುವುದು ಸಂಗೀತ ಲೋಕದಲ್ಲಿ ಅಪರೂಪವೆಂದೇ ಹೇಳಬೇಕು.

ಯೂರೋಪಿನ ದೇಶಗಳು ಪ್ರತಿವರ್ಷವೂ ತಮ್ಮ ತಮ್ಮ ಹಾಡುಗಳೊಡನೆ ಸ್ಪರ್ಧಿಸುವ ಯೂರೋವಿಷನ್ ಎಂಬ ಸ್ಪರ್ಧೆಯುಂಟು. 1987ರಲ್ಲಿ ಬ್ರಸೆಲ್ಸ್ ನಗರದಲ್ಲಿ 22 ದೇಶಗಳು ಸೇರಿದ್ದಾಗ ಯುಗೊಸ್ಲಾವಿಯದ ಪರವಾಗಿ ಹಾಡಿದವರು ನೋವಿ ಫೊಸಿಲಿ ತಂಡದವರು. ‘ಯಾ ಸಾಮ್ ಜಾ ಪ್ಲೆಸ್’ ಎಂಬ ಅವರ ಹಾಡು 92 ಅಂಕ ಗಳಿಸಿ ನಾಲ್ಕನೆಯ ಸ್ಥಾನ ಪಡೆಯಿತು. ‘ನಾನು ಕುಣಿಯಲು ಸಿದ್ಧ’ ಎಂಬುದು ಆ ಶೀರ್ಷಿಕೆಯ ಭಾವ. ಎರಡು ವರ್ಷಗಳ ಅನಂತರ, 1989ರಲ್ಲಿ, ಜಾದರ್ ಪಟ್ಟಣದ ‘ರೀವಾ’ ತಂಡ ಅದೇ ಸ್ಪರ್ಧೆಯನ್ನು ಗೆದ್ದಿತು. ಯುಗೊಸ್ಲಾವಿಯಕ್ಕೆ ದೊರೆತ ಏಕೈಕ ಗೆಲುವು ಅದು. ಆ ಹಾಡಿನ ರಾಗವೂ ದುಯ್ಮಿಚ್ ಅವರದೇ! ಗೆದ್ದ ದೇಶವೇ ಮುಂದಿನ ಸ್ಪರ್ಧೆಯನ್ನು ನಡೆಸುವುದು ವಾಡಿಕೆ. ಆದುದರಿಂದ 1990ರಲ್ಲಿ ಯೂರೋಪೆಲ್ಲ ಜಾಗ್ರೆಬಿನಲ್ಲಿ ನೆರೆಯಿತು.

ಮರುವರ್ಷ ಎಲ್ಲವೂ ತಲೆಕೆಳಗಾಯಿತು. 1991ರ ಜೂನ್ 25ರಂದು ಕ್ರೊಯೇಷಿಯಾ ಸ್ವಾತಂತ್ರ್ಯವನ್ನು ಘೋಷಿಸಿತು, ಯುದ್ಧ ಹಬ್ಬಿತು. ನಿನ್ನೆಯವರೆಗೆ ಒಂದೇ ಹಾಡನ್ನು ಗುನುಗುತ್ತಿದ್ದವರ ನಡುವೆ ಗಡಿಗಳೆದ್ದವು. ಸಾನ್ಯಾ ಅವರಿದ್ದ ತಂಡವೂ ಆ ವರ್ಷವೇ ಚೆದುರಿತು. 1992ರಲ್ಲಿ ಜುರ್ಜಿತ್ಸಾ ತೀರಿಕೊಂಡರು. ಆಗ ಅವರಿಗೆ ಸುಮಾರು ನಲವತ್ತು ವರ್ಷ.

ಯುದ್ಧ ಮುಗಿದು ಎಷ್ಟೋ ಕಾಲವಾದ ಮೇಲೆ, ಹೊಸ ಶತಮಾನದ ಮೊದಲ ದಶಕದಲ್ಲಿ, ಸಾನ್ಯಾ ಮತ್ತು ದುಯ್ಮಿಚ್ ಕೆಲವು ಹಳೆಯ ಸಂಗಡಿಗರೊಡನೆ ಅದೇ ಹೆಸರಿನಲ್ಲಿ ಮತ್ತೆ ವೇದಿಕೆ ಏರಿದರು. ಮುಂದೆ ದುಯ್ಮಿಚ್ ತಂಡದಿಂದ ದೂರವಾದರು. 2020ರ ಜುಲೈ ತಿಂಗಳ ಕೊನೆಯಲ್ಲಿ ರಸ್ತೆ ಅಪಘಾತವೊಂದರಲ್ಲಿ ಗಾಯಗೊಂಡ ಅವರು ಆಗಸ್ಟ್ 4ರಂದು ನಿಧನರಾದರು.