ಡ್ರಿಲ್ ಪೀರಿಯಡ್ಡು ನುಂಗಿದವರು ಯಾರು?

ಟೈಂಟೇಬಲ್ಲಿನಲ್ಲಿ ಡ್ರಿಲ್ ಪೀರಿಯಡ್ಡು ಇದೆ. ಮೈದಾನದಲ್ಲಿ ಮಕ್ಕಳಿಲ್ಲ! ಪರೀಕ್ಷೆ ಹತ್ತಿರ ಬಂತೆಂದರೆ ಹತ್ತನೇ ತರಗತಿಯ ಆಟದ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಧಾರೆ ಎರೆದ ಹಾಗೇ. ಇದು ಯಾವುದೋ ಒಂದು ಶಾಲೆಯ ಕಥೆಯಲ್ಲ, ನಾಡಿನ ಎಲ್ಲೆಡೆ ಕಾಣುವ ಪದ್ಧತಿ.

ಮಡಿಕೇರಿ, ಭಾಗಮಂಡಲದ ಕಡೆಯವರು ಮಳೆಯ ಮೇಲೆ ಗೂಬೆ ಕೂರಿಸಬಹುದು. ಶಿರಂಗಾಲಕ್ಕೆ ಆ ನೆಪ ಪೂರ್ತಿ ಒಪ್ಪದು. ಕಾವೇರಿ ಕೊಡಗನ್ನು ಬಿಟ್ಟು ಹೋಗುವ ಈ ಗಡಿ ಊರು ಬಯಲುಸೀಮೆಗೆ ಮುಖಮಾಡಿ ಕೂತಿದೆ. ಅಲ್ಲಿಯಷ್ಟು ಮಳೆಯೂ ಇಲ್ಲಿಲ್ಲ.

ಆಟದ ಹೆಸರಿಗೂ ಬರವಿಲ್ಲ. ಈಗ ಕುಶಾಲನಗರ ತಾಲ್ಲೂಕಿಗೆ ಸೇರಿರುವ ಶಿರಂಗಾಲ ಮೊದಲು ಇದ್ದದ್ದು ಸೋಮವಾರಪೇಟೆ ತಾಲ್ಲೂಕಿನಲ್ಲಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಹಾಕಿ ಆಡಿದ ಅರ್ಜುನ್ ಹಾಲಪ್ಪ, 2012 ಮತ್ತು 2016ರಲ್ಲಿ ಆಡಿದ ಎಸ್.ವಿ. ಸುನಿಲ್ ಸೋಮವಾರಪೇಟೆಯವರೇ. ಆದರೆ ಪ್ರಶ್ನೆ ತಂಡಕ್ಕೆ ಆಯ್ಕೆಯಾಗುವ ಹನ್ನೊಂದು ಮಂದಿಯದಲ್ಲ. ಗೆರೆಯಾಚೆ ನಿಂತು ಚಪ್ಪಾಳೆ ತಟ್ಟುವ ಮಿಕ್ಕವರದು. ಅದರಲ್ಲೂ ಹೈಸ್ಕೂಲು ಮೆಟ್ಟಿಲು ಹತ್ತಿದ ಕೂಡಲೇ ಆಟ ಬಿಡುವ ಹೆಣ್ಣುಮಕ್ಕಳದು.

"ಹಳ್ಳಿ ಮಕ್ಕಳಿಗೆ ವ್ಯಾಯಾಮ ಬೇರೆ ಕೇಡು, ಹೊಲದ ಕೆಲಸ ಸಾಲದೇ?" ಅನ್ನುವವರಿದ್ದಾರೆ. ಶಾಲೆಗೆ ನಡೆದು ಹೋಗುತ್ತಿದ್ದ ಕಾಲದ ಮಾತದು. ಈಗ ವ್ಯಾನು, ಆಟೋ, ಅಪ್ಪನ ಬೈಕು. ಮನೆಗೆ ಬಂದರೆ ಕೈಯಲ್ಲಿ ಮೊಬೈಲು. 5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಬಿರುಸಾಗುವಂತೆ ಮೈ ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರದ ಆಟದ ಅವಧಿಗೂ ಖೋತಾ ಬಿದ್ದರೆ ಲೆಕ್ಕ ಎಲ್ಲಿ ಕೂಡಬೇಕು?

ಪಾಠದೊಳಗೇ ಇದೆ ದಾರಿ

"ಹಾಗಾದ್ರೆ ಪೋರ್ಷನ್ ಮುಗಿಸೋದು ಯಾವಾಗ ಸ್ವಾಮಿ?" ಎಂಬ ಮೇಷ್ಟ್ರುಗಳ ಕಷ್ಟ ಸುಳ್ಳಲ್ಲ. ಆದರೆ ಪಾಠ ನಿಲ್ಲಿಸಬೇಕಾಗಿಲ್ಲ. ವಿಜ್ಞಾನದ ಹೃದಯದ ಪಾಠವನ್ನೇ ನೋಡಿ. ಮಕ್ಕಳು ಕೂತಲ್ಲೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ 4ರಿಂದ ಗುಣಿಸಲಿ. ಒಂದು ನಿಮಿಷ ನಿಂತಲ್ಲೇ ಕುಪ್ಪಳಿಸಿ ಮತ್ತೆ ಎಣಿಸಲಿ. ದುಡಿಯುವ ಸ್ನಾಯುವಿಗೆ ಹೆಚ್ಚು ಆಮ್ಲಜನಕ ಬೇಕು, ಅದಕ್ಕೇ ಹೃದಯದ ಬಡಿತ ಏರಿತು ಅನ್ನೋದು ಬೋರ್ಡಿನ ಮೇಲೆ ಬರೆಯುವ ಮೊದಲೇ ಮೈಗೆ ಗೊತ್ತಾಗಿರುತ್ತೆ. ಕುಪ್ಪಳಿಸಲಾಗದ ಮಗು ಕೂತೇ ಕೈ ಬೀಸಲಿ. ಅದೇ ಅಂಕಿಗಳನ್ನು ಗಣಿತದ ಮೇಷ್ಟ್ರು ತಗೊಂಡು ಸರಾಸರಿ ತೆಗೆಸಬಹುದು, ಗ್ರಾಫ್ ಹಾಕಿಸಬಹುದು. ಚಿಕ್ಕವರಿಗೆ ಕುಂಟೆಬಿಲ್ಲೆಯ ಮನೆಗಳಲ್ಲೇ ಮಗ್ಗಿ. ಭೂಗೋಳಕ್ಕೆ ಹೆಜ್ಜೆ ಎಣಿಸಿ ಶಾಲೆಯ ನಕ್ಷೆ. ಕಾಸು ಖರ್ಚಿಲ್ಲ.

ಇದು ಹೊರದೇಶದ ಸರಕೂ ಅಲ್ಲ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಮೊಳೆತ 'ನಲಿ-ಕಲಿ' ರಾಜ್ಯದ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಹಬ್ಬಿತು. ಮೂರನೇ ತರಗತಿವರೆಗೆ ಹಾಡು, ಆಟ, ಚಟುವಟಿಕೆ. ನಾಲ್ಕಕ್ಕೆ ಬಂದ ಕೂಡಲೇ ಕೈಕಟ್ಟು, ಬಾಯ್ಮುಚ್ಚು! ಈ ನ್ಯಾಯ ಯಾಕೆ? ಆಟವನ್ನು ಪಾಠದ ಜತೆ ಹೆಣೆಯಿರಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆಯಲ್ಲ?

ಹಾಗಂತ ಡ್ರಿಲ್ ಮೇಷ್ಟ್ರ ಹುದ್ದೆಗೆ ಕತ್ತರಿ ಹಾಕಲು ಇದು ನೆವ ಆಗಬಾರದು. ಪಾಠದೊಳಗಿನ ಹತ್ತು ನಿಮಿಷ ಮೈದಾನಕ್ಕೆ ಬದಲಿಯಲ್ಲ, ಜೊತೆ. ಪ್ರತಿ ಶಾಲೆಗೂ ಆಟದ ಮೈದಾನ ಬೇಕು; 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕು. ಇದು 2009ರ ಶಿಕ್ಷಣ ಹಕ್ಕು ಕಾಯಿದೆಯ ಮಾತು, ಯಾರೂ ಕೊಡುವ ದಾನವಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ಶಿರಂಗಾಲದ ತಂದೆತಾಯಂದಿರು "ಎಷ್ಟು ಮಾರ್ಕ್ಸು?" ಎಂದು ಕೇಳುವ ಮೊದಲು "ಈ ವಾರ ಎಷ್ಟು ದಿನ ಆಡಿಸಿದ್ರಿ?" ಎಂದು ಕೇಳಲಿ. ನುಂಗಿದ ಪೀರಿಯಡ್ಡು ಮಕ್ಕಳಿಗೆ ವಾಪಸು ಸಿಗಲಿ. ಸಂಬಂಧಪಟ್ಟವರು ಇತ್ತ ಗಮನಿಸುವರೇ?